ಏಳು ವರ್ಷದ ನಂತರ ಮತ್ತೆ ಗಾಲ್ಫ್: ಅಣ್ಣನ ಕಿಟ್ ಇಟ್ಟುಕೊಂಡು ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರುವುದು ಇಷ್ಟು: ಕೋಲಾರದವರು, ವಯಸ್ಸು ಐವತ್ತೆರಡು. 2018ರವರೆಗೆ ಭಾನುವಾರ ತಪ್ಪದೆ ಅಣ್ಣನ ಜೊತೆ ಕೆಜಿಎಫ್‌ನಲ್ಲಿ ಆಡುತ್ತಿದ್ದಿರಿ. ವ್ಯಾಪಾರ ಕೈಕೊಟ್ಟಿತು, ಆಟ ನಿಂತಿತು, ಆಮೇಲೆ ಅಣ್ಣ ತೀರಿಕೊಂಡರು. ಅತ್ತಿಗೆ ಅವರ ಕಿಟ್ಟನ್ನು ನಿಮಗೇ ಕೊಟ್ಟಿದ್ದಾರೆ. ಅಣ್ಣ ನಿಮಗಿಂತ ಎತ್ತರ. ನಿಮಗೆ ಎಡ ಭುಜ ಸ್ವಲ್ಪ ಹಿಡಿದುಕೊಂಡಿದೆ. ಆ ಕ್ಲಬ್‌ಗಳಲ್ಲೇ (ಆಟದ ಕೋಲುಗಳಲ್ಲೇ) ಆಡಬಹುದಾ, ಹೇಗೆ ಶುರು ಮಾಡಬೇಕು?

ಆಡಬಹುದು ಸರ್. ಆದರೆ ದೂರ ಹೊಡೆಯುವ ಉದ್ದನೆಯ ಕ್ಲಬ್ ಆದ ಡ್ರೈವರ್ ಹಿಡಿದುಕೊಂಡು ನೇರ ಮೊದಲ ಟೀಗೆ, ಅಂದರೆ ಆಟ ಶುರುವಾಗುವ ಜಾಗಕ್ಕೆ, ಹೋಗಬೇಡಿ. ಹೋಲ್‌ನಿಂದ ಹಿಂದಕ್ಕೆ ಬನ್ನಿ: ಮೊದಲು ಪಟ್ (ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಹೋಲ್‌ಗೆ ಉರುಳಿಸುವುದು), ಆಮೇಲೆ ಚಿಪ್ (ಗ್ರೀನ್ ಪಕ್ಕದಿಂದ ಸಣ್ಣ ಹೊಡೆತ), ಆಮೇಲೆ ಅರ್ಧ ಸ್ವಿಂಗ್, ಕಟ್ಟಕಡೆಗೆ ಡ್ರೈವರ್. ಮನೆಯವರೋ ಗೆಳೆಯರೋ ನಿಮಗೆ ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ ಕಥೆ ಹೇಳಬಹುದು: 1949ರ ಫೆಬ್ರವರಿಯಲ್ಲಿ ಕಾರಿಗೆ ಬಸ್ಸು ಗುದ್ದಿ ಮೂಳೆ ಮುರಿದುಕೊಂಡವರು 1950ರ ಜೂನ್‌ನಲ್ಲಿ ಯು.ಎಸ್. ಓಪನ್ ಗೆದ್ದರು ಅಂತ. ಕಥೆ ನಿಜವೇ. ಆದರೆ ಅವರಿಗೆ ಅದೇ ಕಸುಬು. ನಮಗೂ ನಿಮಗೂ ಅದು ಅಳತೆಗೋಲಾಗಬಾರದು.

ಮೊದಲು ಸಾಮಾನು ನೋಡಿ. ಏಳು ವರ್ಷ ಬೀರುವಿನಲ್ಲಿದ್ದ ಶೂ ಹೊರಗಿನಿಂದ ಹೊಸದರಂತೆ ಕಂಡರೂ ಒಳಗಿನ ಫೋಮ್ ಸೋಲ್ ಪುಡಿಯಾಗಿರಬಹುದು. ಹಾಗಿದ್ದರೆ ಮೂರನೇ ಹೋಲ್‌ಗೆ ಅಡಿಭಾಗ ಕಿತ್ತು ಬರುತ್ತದೆ. ಮನೆಯಲ್ಲೇ ಎರಡು ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಸೆಯಿರಿ. ಬೆವರು ಹಿಡಿದು ಒಣಗಿದ ಗ್ಲೌಸ್ ಕೂಡ ಹಾಗೇ. ಮನೆಯೊಳಗಿದ್ದ ಚೆಂಡುಗಳು ಅಭ್ಯಾಸಕ್ಕೆ ಸಾಕು.

ನಿಜವಾದ ಕೆಲಸ ಇರುವುದು ಅಣ್ಣನವರ ಕ್ಲಬ್‌ಗಳ ಗ್ರಿಪ್‌ನಲ್ಲಿ. ರಬ್ಬರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಕ್ಲಬ್ ಕೈಯಲ್ಲಿ ತಿರುಗದಿರಲೆಂದು ನೀವು ಬಿಗಿಯಾಗಿ ಹಿಡಿಯುತ್ತೀರಿ. ಬಿಗಿ ಹಿಡಿದ ಮಣಿಕಟ್ಟು ಸಮಯಕ್ಕೆ ತಿರುಗುವುದಿಲ್ಲ, ಫೇಸ್, ಅಂದರೆ ಚೆಂಡಿಗೆ ತಗಲುವ ಮುಖ, ತೆರೆದೇ ಉಳಿಯುತ್ತದೆ, ಚೆಂಡು ಬಲಕ್ಕೆ ಬಾಗಿ ಸ್ಲೈಸ್ ಆಗುತ್ತದೆ. ಆಗ ನೀವು ತಪ್ಪನ್ನು ಸ್ವಿಂಗ್‌ನಲ್ಲಿ ಹುಡುಕುತ್ತೀರಿ. ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬ್ರಷ್‌ನಿಂದ ಉಜ್ಜಿ. ಒಣಗಿದ ಮೇಲೂ ಜಾರಿದರೆ ಬದಲಾಯಿಸಿ.

ಅದಕ್ಕಿಂತ ಮುಂಚೆ ಕ್ಲಬ್‌ನ ಉದ್ದ ತೀರ್ಮಾನ ಆಗಬೇಕು, ಏಕೆಂದರೆ ಶಾಫ್ಟ್ (ಕ್ಲಬ್‌ನ ಕೋಲಿನ ಭಾಗ) ಕತ್ತರಿಸುವುದು ಗ್ರಿಪ್ ಇರುವ ತುದಿಯಲ್ಲಿ. ಅರ್ಧ ಇಂಚು ಕತ್ತರಿಸಿದರೂ ಸ್ವಿಂಗ್ ವೆಯ್ಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಎನ್ನುವ ಅಳತೆ) ಸುಮಾರು ಮೂರು ಪಾಯಿಂಟ್ ಇಳಿದು ಕ್ಲಬ್‌ನ ತಲೆ ಹಗುರ ಅನ್ನಿಸುತ್ತದೆ. ಆದ್ದರಿಂದ ಅವಸರ ಬೇಡ. ಒಂದು ಇಂಚು ಕೆಳಗೆ ಹಿಡಿದು ಒಂದು ತಿಂಗಳು ಆಡಿ, ಆಮೇಲೆ ನೋಡೋಣ. ಲೈ ಕೋನವನ್ನು, ಅಂದರೆ ಶಾಫ್ಟ್ ನೆಲಕ್ಕೆ ಎಷ್ಟು ವಾಲಿ ನಿಲ್ಲುತ್ತದೆ ಎನ್ನುವುದನ್ನು, ಮಾತ್ರ ಈಗಲೇ ಪರೀಕ್ಷಿಸಿ. ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಗೆರೆ ಫೇಸ್ ಕಡೆಗೆ ನೇರ ನಿಲ್ಲುವಂತೆ ಇಟ್ಟು 7 ಐರನ್‌ನಿಂದ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್‌ನಿಂದ) ಹೊಡೆಯಿರಿ. ಫೇಸ್ ಮೇಲೆ ಬಿದ್ದ ಗುರುತು ಗ್ರೂವ್‌ಗಳಿಗೆ (ಫೇಸ್ ಮೇಲಿನ ಅಡ್ಡ ಗೆರೆಗಳಿಗೆ) ನೇರ ಲಂಬವಾಗಿದ್ದರೆ ಸರಿ. ಗುರುತಿನ ಮೇಲ್ತುದಿ ಟೋ (ತಲೆಯ ಹೊರ ತುದಿ) ಕಡೆ ವಾಲಿದರೆ ಕ್ಲಬ್ ನಿಮಗೆ ಅಪ್‌ರೈಟ್, ಅಂದರೆ ಹೆಚ್ಚು ನೆಟ್ಟಗೆ, ಚೆಂಡು ಎಡಕ್ಕೆ ಹೋಗುತ್ತದೆ. ಹೀಲ್ (ಶಾಫ್ಟ್ ಕಡೆಯ ತುದಿ) ಕಡೆ ವಾಲಿದರೆ ಫ್ಲ್ಯಾಟ್, ಅಂದರೆ ಹೆಚ್ಚು ಮಲಗಿದ್ದು, ಚೆಂಡು ಬಲಕ್ಕೆ. ಎತ್ತರದವರ ಸೆಟ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದು ಕಾಣುತ್ತದೆ. ಫೋರ್ಜ್ಡ್ (ಬಡಿದು ಮಾಡಿದ) ಐರನ್ ಆಗಿದ್ದರೆ ಬೆಂಗಳೂರಿನಲ್ಲಿ ಒಳ್ಳೆಯ ಕ್ಲಬ್ ಫಿಟ್ಟರ್ ಹತ್ತಿರ ಬಗ್ಗಿಸಿಕೊಂಡು ಬನ್ನಿ. ಕಾಸ್ಟ್ (ಎರಕ ಹೊಯ್ದದ್ದು) ಆಗಿದ್ದರೆ ಮುರಿಯುವ ಭಯ ಇದೆ, ಕೇಳಿಯೇ ಮಾಡಿಸಿ.

ಗ್ರಿಪ್ ಬದಲಾವಣೆ ಮನೆಯಲ್ಲೇ ಆಗುತ್ತದೆ. ಶಾಫ್ಟ್‌ಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ವೈಸ್‌ನಲ್ಲಿ ಕಚ್ಚಿಸಿ. ಗ್ರಾಫೈಟ್ ಆಗಿದ್ದರೆ ಹಗುರವಾಗಿ, ಇಲ್ಲದಿದ್ದರೆ ಒಡೆಯುತ್ತದೆ. ಹಳೆಯದನ್ನು ಕೊಕ್ಕೆ ಬ್ಲೇಡ್‌ನಿಂದ, ನಿಮ್ಮಿಂದ ದೂರಕ್ಕೆ ಎಳೆಯುತ್ತಾ ಸೀಳಿ. ನೇರ ಬ್ಲೇಡ್ ಗ್ರಾಫೈಟ್‌ನ ನಾರನ್ನು ಕತ್ತರಿಸುತ್ತದೆ. ಹಳೇ ಟೇಪ್ ಅಂಟು ಉಳಿಯದಂತೆ ತೆಗೆದು, ಎರಡು ಇಂಚು ಅಗಲದ ಡಬಲ್ ಸೈಡ್ ಟೇಪನ್ನು ಉದ್ದಕ್ಕೆ ಸುತ್ತಿ, ತುದಿಯಲ್ಲಿ ಅರ್ಧ ಇಂಚು ಹೆಚ್ಚು ಬಿಟ್ಟು ಅದನ್ನು ಶಾಫ್ಟ್ ಬಾಯೊಳಗೆ ಮಡಚಿ. ಹೊಸ ಗ್ರಿಪ್‌ನ ತೂತನ್ನು ಬೆರಳಿನಿಂದ ಮುಚ್ಚಿ, ಪೇಂಟ್ ಅಂಗಡಿಯ ಟರ್ಪೆಂಟೈನ್ ಸ್ವಲ್ಪ ಸುರಿದು ಅಲ್ಲಾಡಿಸಿ, ಅದನ್ನೇ ಟೇಪ್ ಮೇಲೆ ಪೂರ್ತಿ ಹರಿಸಿ. ತಕ್ಷಣ, ಒಂದೇ ದಮ್ಮಿನಲ್ಲಿ ತಳ್ಳಿ. ಟರ್ಪೆಂಟೈನ್ ಜಿಪುಣತನ ಮಾಡಿದರೆ ಗ್ರಿಪ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ಎಸೆಯುವುದೊಂದೇ ದಾರಿ. ಗ್ರಿಪ್ ಮೇಲಿನ ಗುರುತು ನೇರ ಮಾಡಿ ರಾತ್ರಿಯಿಡೀ ಬಿಡಿ. ಪೆಟ್ರೋಲ್ ಹಾಕುವವರೂ ಇದ್ದಾರೆ. ಮನೆಯೊಳಗೆ ಅದು ಬೇಡವೇ ಬೇಡ.

ಅಣ್ಣನವರ ಪಟ್ಟರ್‌ನ ಗ್ರಿಪ್ ಮಾತ್ರ ಹಾಗೇ ಇಟ್ಟುಕೊಳ್ಳಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಪಟ್ಟಿಂಗ್‌ನಲ್ಲಿ ಗ್ರಿಪ್ ಸ್ವಲ್ಪ ಸವೆದಿದ್ದರೂ ನಡೆಯುತ್ತದೆ. ಐರನ್‌ಗಳಲ್ಲಿ ನೆನಪಿನ ಕಾರಣಕ್ಕೆ ಹಳೆಯದನ್ನು ಉಳಿಸಿಕೊಳ್ಳಬೇಡಿ, ಆಟವೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ.

ಭುಜವನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿದ ಮೇಲೆಯೇ ಪೂರ್ತಿ ಸ್ವಿಂಗ್. ಬಲಗೈ ಆಟಗಾರರಿಗೆ ಬ್ಯಾಕ್‌ಸ್ವಿಂಗ್‌ನಲ್ಲಿ ಎಳೆತ ಬೀಳುವುದು ಎಡ ಭುಜಕ್ಕೇ. ಪಟ್ಟಿಂಗ್‌ಗೆ ಈ ತೊಂದರೆ ಇಲ್ಲ, ಹಾಗಾಗಿ ಮೊದಲ ಎರಡು ವಾರ ಮನೆಯ ಕಾರ್ಪೆಟ್ ಮೇಲೆ: ಚೆಂಡಿನ ಮುಂದೆ ಒಂದಡಿ ದೂರದಲ್ಲಿ ಎರಡು ನಾಣ್ಯ, ನಡುವೆ ಚೆಂಡು ಹೋಗುವಷ್ಟೇ ಜಾಗ. ಅದರೊಳಗೆ ಉರುಳಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು.

ಚಿಪ್‌ಗೆ ಬಂದರೆ ನಮ್ಮ ಕಡೆಯ ನೆಲದ ಗುಣ ನೆನಪಿಡಿ. ಬೇಸಿಗೆಯಲ್ಲಿ ಕೋಲಾರದ ಕೆಂಪು ಮಣ್ಣು ಸಿಮೆಂಟ್ ನೆಲದ ಹಾಗೆ. ಬೌನ್ಸ್ (ತಲೆಯ ಅಡಿಭಾಗದ ಉಬ್ಬಿನ ಕೋನ) ಹೆಚ್ಚಿರುವ, ಅಂದರೆ 12 ಡಿಗ್ರಿ ಆಸುಪಾಸಿನ ಸ್ಯಾಂಡ್ ವೆಡ್ಜ್ (ಮರಳಿನಿಂದ ಚೆಂಡು ಎತ್ತುವ ಕ್ಲಬ್) ಅಲ್ಲಿ ನೆಲಕ್ಕೆ ಬಡಿದು ಪುಟಿಯುತ್ತದೆ, ಅಂಚು ಚೆಂಡಿನ ಹೊಟ್ಟೆಗೆ ತಗಲಿ ಚೆಂಡು ಗ್ರೀನ್ ದಾಟಿ ಓಡುತ್ತದೆ. ನೆಲ ಮೆತ್ತಗಾಗುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಅಲ್ಲಿಯವರೆಗೆ 9 ಐರನ್ ಹಿಡಿದು, ಚೆಂಡನ್ನು ಸ್ವಲ್ಪ ಬಲಗಾಲಿನ ಕಡೆ ಇಟ್ಟು, ಭಾರ ಎಡಗಾಲಿನ ಮೇಲೆ ಹಾಕಿ, ಪಟ್ ಮಾಡಿದಂತೆ ತಳ್ಳಿ.

ರೇಂಜ್‌ಗೆ (ಅಭ್ಯಾಸದ ಮೈದಾನಕ್ಕೆ) ಹೊಸಕೋಟೆ ಮೇಲೆ ಬೆಂಗಳೂರಿಗೆ ಹೋಗುವುದಾದರೆ ಕಾರಿನಲ್ಲಿ ಕೂತ ಸೊಂಟ ಬಿಗಿದಿರುತ್ತದೆ. ಹತ್ತು ನಿಮಿಷ ನಡೆದಾಡಿ ಆಮೇಲೆ ಹೊಡೆಯಿರಿ. ಮೊದಲ ಸಲ ನಲವತ್ತು ಚೆಂಡಿಗಿಂತ ಹೆಚ್ಚು ಬೇಡ, ಅರ್ಧದಷ್ಟು ವೆಡ್ಜ್‌ನಿಂದ, ಉಳಿದರ್ಧ 7 ಐರನ್‌ನಿಂದ. ರೇಂಜ್‌ನ ಕೃತಕ ಹುಲ್ಲಿನ ಮ್ಯಾಟ್ ಒಂದು ಮೋಸ ಮಾಡುತ್ತದೆ: ಚೆಂಡಿನ ಹಿಂದೆ ನೆಲಕ್ಕೆ ಬಡಿದರೂ ಕ್ಲಬ್ ಜಾರಿ ಚೆಂಡು ಚೆನ್ನಾಗೇ ಹೋಗುತ್ತದೆ, ಮೊಣಕೈ ಮಾತ್ರ ನೋಯುತ್ತದೆ. ಚೆಂಡಿನ ಹಿಂದೆ ನಾಲ್ಕು ಇಂಚು ಬಿಟ್ಟು ಟವೆಲ್ ಮಡಚಿ ಇಡಿ. ಟವೆಲ್ ಕದಲಿದರೆ ಗೊತ್ತಾಗುತ್ತದೆ.

ಮೈದಾನಕ್ಕೆ ಮೊದಲ ಸಲ ಭಾನುವಾರ ಹೋಗಬೇಡಿ. ವಾರದ ಮಧ್ಯೆ, ಬೆಳಿಗ್ಗೆ, ಒಂಬತ್ತು ಹೋಲ್. ಹಳೇ ಕ್ಯಾಡಿ, ಹಳೇ ಗುಂಪು ಇದ್ದರೆ ಮುಂಚೆಯೇ ಫೋನ್ ಮಾಡಿ ಹೇಳಿಬಿಡಿ, ಟೀ ಮೇಲೆ ನಿಂತಾಗ "ಅಣ್ಣ ಬರ್ಲಿಲ್ವಾ ಸಾರ್?" ಅನ್ನುವ ಮಾತು ಕೇಳಬೇಕಾಗುವುದಿಲ್ಲ. ಟೀ ಮೇಲೆ ಹೈಬ್ರಿಡ್ (ಡ್ರೈವರ್‌ಗೂ ಐರನ್‌ಗೂ ನಡುವಿನ ಕ್ಲಬ್) ಹಿಡಿಯಿರಿ. ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿದ ಕೋನ) ಕಡಿಮೆ ಇದ್ದಷ್ಟೂ ಫೇಸ್‌ನ ಸಣ್ಣ ತಪ್ಪೂ ದೊಡ್ಡದಾಗಿ ತಿರುಗುತ್ತದೆ, ಡ್ರೈವರ್ ಕೈಕೊಡುವುದು ಅದಕ್ಕೇ. ಲೆಕ್ಕಕ್ಕೆ ಪ್ರತಿ ಹೋಲ್‌ಗೂ ಅಂಕ ಕೊಡುವ ಸ್ಟೇಬಲ್‌ಫರ್ಡ್ ಒಳ್ಳೆಯದು: ಒಂದು ಹೋಲ್ ಹಾಳಾದರೆ ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು, ಸೊನ್ನೆ ಅಷ್ಟೇ. ಮಧ್ಯೆ ಮನಸ್ಸು ಕಲಕಿದರೂ ಹಾಗೇ ಮಾಡಿ, ಹಿಂದಿನವರಿಗೆ ದಾರಿ ಬಿಡಿ.

ನೀವು ಬಿಟ್ಟ ಮೇಲೆ ನಿಯಮ ಬದಲಾಗಿವೆ. 2019ರಿಂದ ಚೆಂಡು ಹುಡುಕಲು ಐದಲ್ಲ, ಮೂರೇ ನಿಮಿಷ. ಡ್ರಾಪ್ (ಚೆಂಡನ್ನು ಕೈಯಿಂದ ಬಿಟ್ಟು ಮತ್ತೆ ಆಟಕ್ಕೆ ಹಾಕುವುದು) ಭುಜದೆತ್ತರದಿಂದಲ್ಲ, ಮೊಣಕಾಲಿನ ಎತ್ತರದಿಂದ. ಗ್ರೀನ್ ಮೇಲೆ ಬಾವುಟ ಕೀಳದೆಯೂ ಪಟ್ ಮಾಡಬಹುದು. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಸಂಖ್ಯೆ) ಈಗ ಕೊನೆಯ ಇಪ್ಪತ್ತು ಸ್ಕೋರ್‌ಗಳಲ್ಲಿ ಒಳ್ಳೆಯ ಎಂಟರ ಸರಾಸರಿ. ಹಳೇ ಹ್ಯಾಂಡಿಕ್ಯಾಪ್ ಇಟ್ಟುಕೊಂಡು ಟೂರ್ನಮೆಂಟ್‌ಗೆ ಹೆಸರು ಕೊಡಬೇಡಿ. ನೀವು ಆಡುವ ಗಾಲ್ಫ್ ಕ್ಲಬ್‌ನ ಹ್ಯಾಂಡಿಕ್ಯಾಪ್ ಕಮಿಟಿಗೆ ವಿಷಯ ಹೇಳಿ ಹೊಸದಾಗಿ ನೋಡಲು ಕೇಳಿ. ಮತ್ತೆ, ನಿಮ್ಮ ಸೆಟ್ ಜೊತೆ ಅಣ್ಣನವರದ್ದು ಬೆರೆಸಿ ಒಯ್ಯುವುದಾದರೆ ಬ್ಯಾಗ್ ಎಣಿಸಿ: ಹದಿನಾಲ್ಕಕ್ಕಿಂತ ಒಂದು ಹೆಚ್ಚಿದ್ದರೂ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಹೋಲ್‌ಗೆ ಎರಡು ಪೆನಾಲ್ಟಿ ಹೊಡೆತ, ಒಂದು ರೌಂಡ್‌ಗೆ ಗರಿಷ್ಠ ನಾಲ್ಕು.