ಓದುಗರ ಪ್ರಶ್ನೆ: ನಡುವೆ ಬಸ್ ಹತ್ತಿದೆ, ಈಗ "ಮುಗಿಸಿದೆ" ಅನ್ಬಹುದಾ?

ಪ್ರಶ್ನೆ: ಅಕ್ಕಾ, ನಾನು ಶಿರಸಿ ಕಡೆಯವಳು, ಈಗ ಮ್ಯಾಂಚೆಸ್ಟರಲ್ಲಿ ಕೆಲಸ. ಮೇ ತಿಂಗಳಲ್ಲಿ ಒಬ್ಬಳೇ ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಅನ್ನೋ 154 ಕಿಲೋಮೀಟರ್ ಕಾಲುದಾರಿ ನಡೆದೆ. ಬ್ರಿಜ್ ಆಫ್ ಆರ್ಕಿ ಅನ್ನೋ ಊರು ಮುಟ್ಟೋ ಹೊತ್ತಿಗೆ ಹಿಮ್ಮಡಿ ಬೊಬ್ಬೆ ಒಡೆದು ಬೂಟು ಹಾಕೋಕೇ ಆಗ್ತಿರ್ಲಿಲ್ಲ, ಮಳೆ ಬೇರೆ, ಕಿಂಗ್ಸ್‌ಹೌಸ್ ತನಕ ಬಸ್ ಹತ್ಬಿಟ್ಟೆ. ಒಂದು ದಿನ ರೆಸ್ಟ್ ತಗೊಂಡು ಮಿಕ್ಕಿದ್ದು ನಡೆದು ಫೋರ್ಟ್ ವಿಲಿಯಂ ಸೇರಿದೆ. ದಾರಿ ಕೊನೇಲಿ ಕಾಲು ಹಿಡ್ಕೊಂಡು ಕೂತಿರೋ ಪ್ರತಿಮೆ ಪಕ್ಕ ಫೋಟೋ ತೆಗೆಸ್ಕೊಂಡು ಸ್ಟೇಟಸ್ ಹಾಕ್ದೆ. ಅಪ್ಪ ಈಗ ಊರೆಲ್ಲ "ಮಗಳು 154 ಕಿಲೋಮೀಟರ್ ಒಬ್ಬಳೇ ನಡೆದ್ಲು" ಅಂತ ಹೇಳ್ಕೊಂಡು ಬರ್ತಿದಾರೆ. ನಂಗೆ ಅದು ಕೇಳಿದಾಗೆಲ್ಲ ಎದೇಲಿ ಚುಚ್ಚುತ್ತೆ. ನಾನು ಮುಗಿಸಿದೀನಾ, ಇಲ್ವಾ?

ಉತ್ತರ: ಇಲ್ಲ ತಂಗಿ, ಇನ್ನೂ ಮುಗಿದಿಲ್ಲ. ನೇರವಾಗಿ ಹೇಳ್ತಿದೀನಿ, ಯಾಕಂದ್ರೆ "ಪರವಾಗಿಲ್ಲ ಬಿಡೇ" ಅನ್ನೋರು ನಿನ್ನ ಸುತ್ತ ಆಗ್ಲೇ ಸುಮಾರು ಜನ ಇರ್ತಾರೆ, ಅವರ ಮಾತಿಂದ ಸಮಾಧಾನ ಆಗಿದ್ರೆ ನೀನು ನಂಗೆ ಬರೀತಾನೇ ಇರ್ಲಿಲ್ಲ.

ಬಸ್ ಹತ್ತಿದ್ದು ಮಾತ್ರ ಸರಿಯಾದ ಕೆಲಸ. ನೀನು ಬಿಟ್ಟಿದ್ದು ಸುಮಾರು 19 ಕಿಲೋಮೀಟರ್, ಅದ್ರಲ್ಲಿ ಇನ್ವೆರೋರನ್ ದಾಟಿದ ಮೇಲೆ 16 ಕಿಲೋಮೀಟರ್ ರಾನಕ್ ಮೂರ್ ಅನ್ನೋ ಜೌಗು ಬಯಲಿನ ಅಂಚಲ್ಲೇ ಹೋಗುತ್ತೆ, ಅಂಗಡಿ ಇಲ್ಲ, ತಲೆ ಮೇಲೆ ಒಂದು ಸೂರು ಇಲ್ಲ, ಗಾಳಿ ಮಳೆ ಬಂದ್ರೆ ಮೈಮೇಲೇ ಬರುತ್ತೆ. ಥಾಮಸ್ ಟೆಲ್ಫರ್ಡ್ ಅನ್ನೋ ಇಂಜಿನಿಯರ್ ಕಾಲದ ಹಳೇ ರಸ್ತೆ ಅದು, ಕಲ್ಲು ಹಾಸಿದ್ದು, ಚೆನ್ನಾಗಿರೋ ಪಾದಾನೇ ಸಂಜೆ ಹೊತ್ತಿಗೆ ಉರಿಯುತ್ತೆ. ಒಡೆದ ಹಿಮ್ಮಡಿ ಇಟ್ಕೊಂಡು ಒಬ್ಬಳೇ ಅಲ್ಲಿಗೆ ಹೊರಟು ಅರ್ಧದಲ್ಲಿ ಕೂತಿದ್ರೆ ಏನು ಗತಿ?

ಆದ್ರೆ ನೀನು ನೋಡದೇ ಬಿಟ್ಟಿದ್ದು ಆ ಇಡೀ ದಾರೀಲಿ ನಂಗೆ ಅತಿ ಇಷ್ಟದ ಜಾಗ, ಅದಕ್ಕೇ ಸುಮ್ನಿರೋಕೆ ಆಗ್ತಿಲ್ಲ. ನಾನು ಹೋದಾಗ ಸೆಪ್ಟೆಂಬರ್, ಎಡಕ್ಕೆ ಬ್ಲ್ಯಾಕ್ ಮೌಂಟ್ ಬೆಟ್ಟಗಳು, ಬಲಕ್ಕೆ ಕಣ್ಣು ಹೋದಷ್ಟೂ ಜೌಗು, ಕಂದು ಹುಲ್ಲು, ನಡುನಡುವೆ ಕಪ್ಪು ನೀರಿನ ಕೆರೆಗಳು. ನಮ್ಮ ಕುದುರೆಮುಖದ ಹುಲ್ಲುಗಾವಲು ನೋಡಿದವರಿಗೆ ಬಯಲು ಹೊಸದಲ್ಲ, ಆದ್ರೆ ಅಲ್ಲಿ ಕೆಳಗೆಲ್ಲಾದ್ರೂ ಒಂದು ಶೋಲಾ ಕಾಡಿನ ಹಸಿರು ಇದ್ದೇ ಇರುತ್ತೆ, ಇಲ್ಲಿ ಅದೂ ಇಲ್ಲ. ಬಾ ಬ್ರಿಜ್ ಅನ್ನೋ ಸೇತುವೆ ಹತ್ರ ಹೊಳೆ ಸದ್ದು ಬಿಟ್ರೆ ನನ್ನ ಬೂಟಿನ ಸದ್ದು ಅಷ್ಟೇ. ಮಧ್ಯಾಹ್ನ ಏರು ಮುಗಿದು ದಾರಿ ಇಳಿಯೋಕೆ ಶುರುವಾದಾಗ ಬುಕಲ್ ಎಟಿವ್ ಮೋರ್ ಬೆಟ್ಟ ಕಂಡಿತು, ಚೂಪಾಗಿ, ಒಂಟಿಯಾಗಿ. ನಿಂತಲ್ಲೇ ಅತ್ತುಬಿಟ್ಟೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಹೋಗಿ ನಡೆದು ಬಾ. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ ಕಡೆ ಹೋಗೋ ರೈಲು ಬ್ರಿಜ್ ಆಫ್ ಆರ್ಕೀಲೇ ನಿಲ್ಲುತ್ತೆ. ಶುಕ್ರವಾರ ರಾತ್ರಿ ಗ್ಲಾಸ್ಗೋದಲ್ಲಿ ಉಳ್ಕೊಂಡು ಬೆಳಗ್ಗೆ ರೈಲು ಹಿಡಿದ್ರೆ ಇಳಿದ ಮೇಲೆ ಆರೇಳು ಗಂಟೆ ನಡೆದು ಕಿಂಗ್ಸ್‌ಹೌಸ್ ಸೇರ್ತೀಯ, ಎ82 ಹೆದ್ದಾರಿ ಅಲ್ಲೇ ಪಕ್ಕ, ವಾಪಸ್ ಗ್ಲಾಸ್ಗೋಗೆ ಬಸ್ ಇದೆ. ಬಸ್ಸಿನ ಟೈಮ್ ಮೊದಲೇ ನೋಡ್ಕೊ, ದಿನಕ್ಕೆ ಕೆಲವೇ ಇರೋದು. ಹಿಮ್ಮಡಿ ಚರ್ಮ ಪೂರ್ತಿ ಕೂಡಿದ ಮೇಲೇ ಹೋಗು, ಬೊಬ್ಬೆ ಬರೋ ಜಾಗಕ್ಕೆ ಬೆಳಗ್ಗೆ ಹೊರಡೋಕೆ ಮುಂಚೇನೇ ಟೇಪ್ ಹಚ್ಚು, ಉರಿ ಶುರುವಾದ ಮೇಲೆ ಹಚ್ಚಿದ್ರೆ ತಡ ಆಗಿರುತ್ತೆ. ಬೇರೆ ಯಾರಿಗೂ ಲೆಕ್ಕ ಒಪ್ಪಿಸ್ಬೇಕಿಲ್ಲ, ಅಪ್ಪಂಗೆ ಮಾತ್ರ ಇವತ್ತೇ ಫೋನ್ ಮಾಡು, "135 ಆಗಿದೆ ಅಪ್ಪಾ, 19 ಬಾಕಿ ಇದೆ, ಹೋಗ್ತಿದೀನಿ" ಅನ್ನು.

ಪ್ರಶ್ನೆ: ಮೇಡಂ, ಬೆಂಗಳೂರಿಂದ ಬರೀತಿದೀನಿ. ಕುಮಾರ ಪರ್ವತ ಎರಡು ಸಲ ಹತ್ತಿದೀನಿ. ಆಗಸ್ಟಲ್ಲಿ ಗ್ಲಾಸ್ಗೋಲಿರೋ ಅಕ್ಕನ ಮನೆಗೆ ಹೋದಾಗ ಇದೇ ದಾರಿ ಒಬ್ಬನೇ ನಡೀಬೇಕು ಅಂತಿದೆ. ಅತಿ ಎತ್ತರದ ಜಾಗಾನೇ 548 ಮೀಟರ್ ಅಂತೆ, ಹಾಗಾದ್ರೆ ಕೊನೇ ದಿನ ಆರಾಮಾಗಿ ಮುಗಿಸಿ ಮಾರನೇ ದಿನ ಪಕ್ಕದ ಬೆನ್ ನೆವಿಸ್ ಬೆಟ್ಟ ಹತ್ತಬಹುದಲ್ವಾ?

ಉತ್ತರ: ಎತ್ತರದ ಲೆಕ್ಕ ಹಾಕಬೇಡಿ. ಕುಮಾರ ಪರ್ವತ 1712 ಮೀಟರ್ ಇರಬಹುದು, ಆದ್ರೆ ಎರಡು ದಿನಕ್ಕೆ ಇಳಿದು ಮನೆಗೆ ಬಂದು ಬಿಸಿನೀರು ಹಾಕ್ಕೊಳ್ತೀರ. ಇಲ್ಲಿ ಏಳೆಂಟು ದಿನ ದಿನಾ ಒದ್ದೆ ಸಾಕ್ಸು. ಕಿನ್‌ಲಾಕ್‌ಲೆವೆನ್‌ನಿಂದ ಕೊನೇ ದಿನ 24 ಕಿಲೋಮೀಟರ್, ಊರು ಬಿಟ್ಟ ಕೂಡ್ಲೇ ಕಾಡಲ್ಲಿ ಕಡಿದಾದ ಏರು, ಆಮೇಲೆ ಲೇರಿಗ್ ಮೋರ್ ಅನ್ನೋ ಉದ್ದನೇ ಕಣಿವೆ, ಪಾಳುಬಿದ್ದ ಮನೆ ಬಿಟ್ರೆ ಏನೂ ಸಿಗಲ್ಲ. ಊಟ ಕಿನ್‌ಲಾಕ್‌ಲೆವೆನಲ್ಲೇ ಕಟ್ಕೊಳ್ಳಿ. ಫೋರ್ಟ್ ವಿಲಿಯಂ ಬಂತು ಅನ್ನೋ ಹೊತ್ತಿಗೆ ಗ್ಲೆನ್ ನೆವಿಸ್‌ನಿಂದ ಟಾರ್ ರಸ್ತೆ ಶುರುವಾಗುತ್ತೆ, ನನ್ನ ಮಂಡಿ ನಿಜವಾಗ್ಲೂ ನೊಂದಿದ್ದು ಅಲ್ಲೇ. ಊರ ಅಂಚಿನ ಸರ್ಕಲ್ ಹತ್ರ ಮೊದಲು ದಾರಿ ಮುಗೀತಿತ್ತು, 2010ರಲ್ಲಿ ಪೇಟೆ ಆ ಕೊನೆಗೆ, ಗಾರ್ಡನ್ ಸ್ಕ್ವೇರ್‌ಗೆ ಸ್ಥಳಾಂತರ ಮಾಡಿದ್ರು, ಹಾಗಾಗಿ ಹಳೇ ಬೋರ್ಡ್ ನೋಡಿ ನಿಲ್ಲಬೇಡಿ.

ಆಗಸ್ಟ್ ಅಂದ್ರೆ ಮಿಡ್ಜ್ ಕಾಟ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಗಾಳಿ ಇಲ್ಲದ ಬೆಳಗ್ಗೆ, ಸಂಜೆ ಮೋಡದ ಹಾಗೆ ಮುತ್ತುತ್ತೆ. ಮಲೆನಾಡಿನ ಉಂಬಳಕ್ಕೆ ಸುಣ್ಣ, ಉಪ್ಪು ಇದೆ, ಇದಕ್ಕೆ ತಲೆಗೆ ಹಾಕೋ ಬಲೆ ಒಂದೇ ನಂಗೆ ನಂಬಿಕೆ. ಟೆಂಟನ್ನ ಗಾಳಿ ಆಡೋ ಕಡೆ ಹಾಕಿ. ಲಾಕ್ ಲೋಮಂಡ್ ಕೆರೆಯ ಪೂರ್ವ ದಡದಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಟೆಂಟಿಗೆ ಪರ್ಮಿಟ್ ಬೇಕು, ಮುಂಚೆನೇ ಬುಕ್ ಮಾಡಿ.

ಬೆನ್ ನೆವಿಸ್ 1345 ಮೀಟರ್, ಆದ್ರೆ ಹತ್ತೋಕೆ ಶುರು ಮಾಡೋದು ಹೆಚ್ಚುಕಮ್ಮಿ ಸಮುದ್ರ ಮಟ್ಟದಿಂದ, ಹತ್ತಿ ಇಳಿಯೋಕೆ ಏಳೆಂಟು ಗಂಟೆ. ಮಧ್ಯೆ ಒಂದು ದಿನ ಖಾಲಿ ಇಟ್ಕೊಂಡು ರೈಲು ಟಿಕೆಟ್ ಮಾಡಿ, ಆ ಬೆಳಗ್ಗೆ ಪಾದ ನೋಡ್ಕೊಂಡು, ಬೆಟ್ಟದ ಹವಾಮಾನ ನೋಡ್ಕೊಂಡು ತೀರ್ಮಾನ ತಗೊಳ್ಳಿ.