ಇಲಾಖೆ ಇರುವಾಗ ಮಕ್ಕಳಿಗೆ ಬೇರೆ ಆಯೋಗ ಯಾಕೆ?

ಮೇಡಂ, ನಮಸ್ಕಾರ.

ಹೋದ ಸಂಚಿಕೇಲಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಕಾಯ್ದೆ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ಸಿಕ್ತು. ಉದ್ದದ ಪತ್ರ, ಪೂರ್ತಿ ಹಾಕೋಕೆ ಜಾಗ ಇಲ್ಲ, ಹಾಗಾಗಿ ಓದುಗರಿಗೋಸ್ಕರ ಸಾರ ಹೇಳ್ಬಿಡ್ತೀನಿ. ನೀವು ತುಮಕೂರು ಜಿಲ್ಲೇಲಿ ಹೆಡ್‌ಮಿಸ್ ಆಗಿ ರಿಟೈರ್ ಆದೋರು. ಪೊಲೀಸ್ ಇದಾರೆ, ಕೋರ್ಟ್ ಇದೆ, ಮಹಿಳಾ ಮತ್ತು ಮಕ್ಕಳ ಇಲಾಖೆ ಅಂತಲೇ ಒಂದು ಇದೆ, ಇಷ್ಟೆಲ್ಲಾ ಇರುವಾಗ ಬರೀ ಶಿಫಾರಸು ಮಾಡೋ ಆಯೋಗ ಯಾಕೆ ಬೇಕು ಅಂತ ಕೇಳಿದೀರಿ. ಸರ್ಕಾರವೇ ನೇಮಿಸಿ ಸರ್ಕಾರವೇ ಸಂಬಳ ಕೊಡೋ ಆಯೋಗಕ್ಕೆ ಸ್ವತಂತ್ರ ಅಂತ ಹೇಗೆ ಕರೀತೀರಿ ಅಂತಲೂ ಕೇಳಿದೀರಿ. ಕೊನೇಲಿ, ಬಾಲಮಂದಿರದಲ್ಲಿ ಬೆಳೆದು ನಿಮ್ಮ ಶಾಲೆಗೆ ಬರ್ತಿದ್ದ ಹುಡುಗ ಹದಿನೆಂಟು ತುಂಬಿ ಹೊರಗೆ ಬಂದ ಮೇಲೆ ಮಲಗೋಕೆ ಜಾಗ ಇಲ್ಲದೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದು ಬರೆದಿದೀರಿ. ಆ ಹುಡುಗನ ಹೆಸರು, ಊರು ಎರಡನ್ನೂ ನಾವು ಎಲ್ಲೂ ಹಾಕ್ತಿಲ್ಲ.

ಮೊದಲನೇ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ಎಲ್ಲಾ ಕಡೆ ಕೇಳ್ತಾರೆ, ಶಾಸಕರೂ ಕೇಳ್ತಾರೆ. ಬಾಲಮಂದಿರ ನಡೆಸೋದು ಇಲಾಖೆ, ಅಲ್ಲಿಗೆ ಸಿಬ್ಬಂದಿ ಹಾಕೋದು ಇಲಾಖೆ, ಊಟದ ದುಡ್ಡು ಕೊಡೋದು ಇಲಾಖೆ. ಅಲ್ಲೇನಾದ್ರೂ ತಪ್ಪು ನಡೆದ್ರೆ ಅದನ್ನ ಹುಡುಕಿ ಬರೆಯೋ ಕೆಲಸನೂ ಅದೇ ಇಲಾಖೆ ಮಾಡ್ಬೇಕು ಅಂದ್ರೆ ಮಗು ಯಾರ ಹತ್ರ ಹೋಗಿ ಹೇಳ್ಬೇಕು? ಪೊಲೀಸರು ಬರೋದು ಅಪರಾಧ ಆದ ಮೇಲೆ, ಅದೂ ಯಾರಾದ್ರೂ ಹೇಳಿದ್ರೆ. ಕೋರ್ಟಿನ ಕಣ್ಣಿಗೆ ಬೀಳೋದು ಎದುರಿಗೆ ಬಂದ ಕೇಸು. ಯಾವ ಕೇಸೂ ಆಗದೆ, ಯಾರೂ ದೂರು ಕೊಡದೆ, ದಿನಾ ನಡೀತಾ ಇರೋ ಅನ್ಯಾಯ ಇರುತ್ತಲ್ಲ, ಅದನ್ನ ನೋಡೋಕೆ ಅಂತ ಹೊರಗಿನವರೊಬ್ಬರು ಬೇಕು, ಒಳಗೆ ಹೋಗೋ ಅಧಿಕಾರ ಇರೋ ಹೊರಗಿನವರು.

ಇದಕ್ಕೆ ನನಗೆ ಗೊತ್ತಿರೋದ್ರಲ್ಲಿ ತುಂಬಾ ನೋವಿನ ಉದಾಹರಣೆ ಬ್ರಿಟನ್ನಿನ ವೇಲ್ಸ್‌ದು. ಉತ್ತರ ವೇಲ್ಸ್‌ನ ಕ್ಲೂಯಿಡ್ ಮತ್ತು ಗ್ವಿನೆಡ್ ಕೌಂಟಿಗಳ ಮಕ್ಕಳ ಗೃಹಗಳಲ್ಲಿ 1970ರ ದಶಕದಿಂದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ, ಹೊಡೆತ ಬಡಿತ ನಡೀತಾನೇ ಇತ್ತು. ಕ್ಲೂಯಿಡ್ ಕೌಂಟಿ ಕೌನ್ಸಿಲ್ ತಾನೇ ಜಿಲಿಂಗ್ಸ್ ಅನ್ನೋರ ಕೈಲಿ ತನಿಖೆ ಮಾಡಿಸ್ತು, 1996ರಲ್ಲಿ ವರದಿ ರೆಡಿನೂ ಆಯ್ತು. ಆದ್ರೆ ವರದಿ ಹೊರಗೆ ಬಂದ್ರೆ ಪರಿಹಾರದ ಕೇಸುಗಳು ಬೀಳ್ತವೆ, ಇನ್ಶೂರೆನ್ಸ್ ಕೈಕೊಡುತ್ತೆ ಅನ್ನೋ ಭಯಕ್ಕೆ ಅದರ ಪ್ರತಿಗಳನ್ನ ನಾಶ ಮಾಡೋಕೆ ತೀರ್ಮಾನ ಆಯ್ತು. ಮಕ್ಕಳು ಬಾಯಿ ಬಿಟ್ಟು ಹೇಳಿದ್ದು, ತನಿಖೆ ಮಾಡಿದವರು ಬರೆದಿದ್ದು ಎಲ್ಲಾ ಹಾಗೇ ಮುಚ್ಚಿಹೋಯ್ತು, ಅದು ಕೆಲವು ಭಾಗ ಅಳಿಸಿದ ರೂಪದಲ್ಲಿ ಜನರಿಗೆ ಸಿಕ್ಕಿದ್ದು 2013ರಲ್ಲಿ. ಕೌನ್ಸಿಲಲ್ಲಿ ಇದ್ದೋರೆಲ್ಲಾ ಕೆಟ್ಟವರು ಅಂತ ನಾನು ಹೇಳ್ತಿಲ್ಲ, ತಮ್ಮ ಮನೆಯ ತಪ್ಪನ್ನ ತಾವೇ ಹೊರಗೆ ಹಾಕ್ಬೇಕಾದಾಗ ಯಾವ ಸಂಸ್ಥೆ ಆದ್ರೂ ಮಗೂಗಿಂತ ಮೊದಲು ತನ್ನನ್ನ ಕಾಪಾಡ್ಕೊಳ್ಳುತ್ತೆ, ಅದಕ್ಕೇ ಕಾನೂನು ಬೇಕಾಗೋದು. ಆಮೇಲೆ ನ್ಯಾಯಮೂರ್ತಿ ರೊನಾಲ್ಡ್ ವಾಟರ್‌ಹೌಸ್ ನೇತೃತ್ವದ ಟ್ರಿಬ್ಯೂನಲ್ ಎಲ್ಲಾ ಮೊದಲಿಂದ ವಿಚಾರಣೆ ಮಾಡಿ 2000ದಲ್ಲಿ 72 ಶಿಫಾರಸು ಕೊಡ್ತು, ಅದರಲ್ಲಿ ಮೊಟ್ಟ ಮೊದಲನೇದೇ ಮಕ್ಕಳಿಗೆ ಅಂತ ಒಬ್ಬ ಸ್ವತಂತ್ರ ಕಮಿಷನರ್ ಇರ್ಬೇಕು ಅನ್ನೋದು. ಮಾರನೇ ವರ್ಷ ಪೀಟರ್ ಕ್ಲಾರ್ಕ್ ಆ ಹುದ್ದೆಗೆ ಬಂದ್ರು, ಅವರನ್ನ ಆರಿಸೋ ಪ್ರಕ್ರಿಯೇಲಿ ಮಕ್ಕಳು, ಹದಿಹರೆಯದವರೂ ಕೂತಿದ್ರು! ಇದನ್ನ ಓದಿದಾಗೆಲ್ಲಾ ನನಗೆ ನಮ್ಮ ಪಂಚಾಯ್ತಿಗಳ ಮಕ್ಕಳ ಗ್ರಾಮಸಭೆ ನೆನಪಾಗುತ್ತೆ. ಶಾಲೇಲಿ ಶೌಚಾಲಯಕ್ಕೆ ನೀರಿಲ್ಲ, ದಾರೀಲಿ ಸಾರಾಯಿ ಅಂಗಡಿ ಇದೆ ಅಂತ ಪಿಡಿಒ ಮುಂದೆ ಎದ್ದು ನಿಂತು ಹೇಳೋ ಮಕ್ಕಳು ನಮ್ಮಲ್ಲಿ ಇದಾರೆ. ಅಂಥ ಮಕ್ಕಳಿಗೆ ತಮ್ಮ ಆಯೋಗದ ಅಧ್ಯಕ್ಷರು ಯಾರಾಗ್ಬೇಕು ಅನ್ನೋದ್ರಲ್ಲಿ ಒಂದು ಮಾತೂ ಇಲ್ಲ.

ಈಗ ನಮ್ಮ ಕಾಯ್ದೆ. ಸಂಸತ್ತಲ್ಲಿ ಪಾಸಾಗಿದ್ದು 2005ರಲ್ಲಿ, ರಾಷ್ಟ್ರಪತಿಗಳ ಅಂಕಿತ 2006ರ ಜನವರೀಲಿ, ರಾಷ್ಟ್ರೀಯ ಆಯೋಗ ಶುರುವಾಗಿದ್ದು 2007ರ ಮಾರ್ಚಲ್ಲಿ. ಭಾರತ 1992ರಲ್ಲೇ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಒಪ್ಪಿತ್ತು, ಆಯೋಗ ಬರೋಕೆ ಇಷ್ಟು ವರ್ಷ ಹಿಡೀತು. ಮೊದಲ ಅಧ್ಯಕ್ಷೆ ಶಾಂತಾ ಸಿನ್ಹಾ, ಆಂಧ್ರದಲ್ಲಿ ಕೂಲಿಗೆ ಹೋಗ್ತಿದ್ದ ಮಕ್ಕಳನ್ನ ಶಾಲೆಗೆ ತಂದು ಮ್ಯಾಗ್ಸೆಸೆ ಪ್ರಶಸ್ತಿ ಪಡೆದೋರು. ನಮ್ಮ ಕರ್ನಾಟಕ ರಾಜ್ಯ ಆಯೋಗ ಬಂದಿದ್ದು 2009ರಲ್ಲಿ. ಎರಡರಲ್ಲೂ ಒಬ್ಬ ಅಧ್ಯಕ್ಷರು, ಆರು ಜನ ಸದಸ್ಯರು.

ಬರೀ ಶಿಫಾರಸು ಅಂತ ನೀವು ಬರೆದಿದೀರಲ್ಲ ಮೇಡಂ, ಅದು ಅರ್ಧ ಮಾತ್ರ ನಿಜ. ಆಯೋಗ ಯಾರನ್ನೂ ಜೈಲಿಗೆ ಹಾಕಲ್ಲ, ಸರಿ. ಆದ್ರೆ ವಿಚಾರಣೆ ಮಾಡುವಾಗ ಅದಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ, ಅಧಿಕಾರಿಗೆ ಸಮನ್ಸ್ ಕೊಟ್ಟು ಕರೆಸಬಹುದು, ಫೈಲು ತರಿಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ತಗೋಬಹುದು. ಯಾರೂ ದೂರು ಕೊಡದೇ ಇದ್ರೂ ಪೇಪರಲ್ಲಿ ಓದಿ ತಾನಾಗೇ ಕೇಸ್ ಎತ್ಕೋಬಹುದು. ಬಾಲಮಂದಿರದ ಒಳಗೆ ಹೋಗಿ ನೋಡಬಹುದು. ಎಲ್ಲಕ್ಕಿಂತ ದೊಡ್ಡದು 15ನೇ ಸೆಕ್ಷನ್, ವಿಚಾರಣೇಲಿ ಮಕ್ಕಳ ಹಕ್ಕು ಉಲ್ಲಂಘನೆ ಆಗಿದೆ ಅಂತ ಕಂಡ್ರೆ ಆಯೋಗನೇ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗಿ ಆದೇಶ ಕೇಳಬಹುದು. ಬಡ ಮಗುವಿನ ಪರವಾಗಿ ವಕೀಲರನ್ನ ಇಟ್ಟು ಹೈಕೋರ್ಟ್ ಮೆಟ್ಟಿಲು ಹತ್ತೋಕೆ ಯಾರ ಕೈಲಿ ಆಗುತ್ತೆ ಹೇಳಿ, ಆ ಕೆಲಸಕ್ಕೆ ಕಾನೂನೇ ಒಂದು ಸಂಸ್ಥೆ ಕೊಟ್ಟಿದೆ. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೋ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ, ಈ ಮೂರೂ ಸರಿಯಾಗಿ ಜಾರಿ ಆಗ್ತಿದೆಯಾ ಅಂತ ನೋಡೋ ಜವಾಬ್ದಾರಿನೂ ಇದೇ ಆಯೋಗಗಳ ಮೇಲೆ ಬಂದಿದೆ. ಜವಾಬ್ದಾರಿ ಬೆಳೀತಾ ಹೋಯ್ತು, ಜನ ಮತ್ತೆ ದುಡ್ಡು ಅಷ್ಟೇ ಬೆಳೀತಾ ಅಂತ ಕೇಳಿದ್ರೆ ಉತ್ತರ ಖುಷಿ ಕೊಡಲ್ಲ.

ಎರಡನೇ ಪ್ರಶ್ನೇಲಿ ನಾನು ಪೂರ್ತಿ ನಿಮ್ಮ ಕಡೆ. ಅಧ್ಯಕ್ಷರನ್ನ ಆರಿಸೋಕೆ ಮೂರು ಜನರ ಸಮಿತಿ ಇದೆ, ಅದಕ್ಕೆ ಮುಖ್ಯಸ್ಥರು ಮಕ್ಕಳ ಇಲಾಖೆಯ ಮಂತ್ರಿನೇ. ಅಂದ್ರೆ ಯಾವ ಇಲಾಖೆಯ ತಪ್ಪು ಹುಡುಕಬೇಕೋ ಅದರ ಮಂತ್ರಿ ಕೂತು ಹುಡುಕೋರನ್ನ ಆರಿಸ್ತಾರೆ. ಉಳಿದ ಸದಸ್ಯರಿಗೆ ಆ ಸಮಿತಿನೂ ಕಾಯ್ದೇಲಿ ಇಲ್ಲ. ಆಯೋಗದ ಕಾರ್ಯದರ್ಶಿ ಸರ್ಕಾರದ ಅಧಿಕಾರಿ, ಅನುದಾನ ಸರ್ಕಾರಕ್ಕೆ ಸರಿ ಅನ್ನಿಸಿದಷ್ಟು. ಅದೇ 1993ರ ಮಾನವ ಹಕ್ಕುಗಳ ಕಾಯ್ದೆ ನೋಡಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರನ್ನ ಆರಿಸೋ ಸಮಿತೀಲಿ ಪ್ರಧಾನಿ, ಗೃಹಮಂತ್ರಿ, ಸ್ಪೀಕರ್ ಜೊತೆಗೆ ಎರಡೂ ಸದನದ ವಿರೋಧ ಪಕ್ಷದ ನಾಯಕರು ಇರ್ತಾರೆ. ಅದು ಪರ್ಫೆಕ್ಟ್ ಅಂತಲ್ಲ, ಆದ್ರೆ ಬೇರೆ ದನಿಗೆ ಒಂದು ಕುರ್ಚಿ ಆದ್ರೂ ಇದೆ. ಹನ್ನೆರಡು ವರ್ಷ ಆದ ಮೇಲೆ ಮಕ್ಕಳಿಗೆ ಅಂತ ಕಾಯ್ದೆ ಬರೆಯುವಾಗ ಅಷ್ಟೂ ಕೊಡಲಿಲ್ಲ, ಮಕ್ಕಳಿಗೆ ಓಟಿಲ್ಲ ಅನ್ನೋದು ಇಂಥ ಜಾಗದಲ್ಲಿ ಕಾಣುತ್ತೆ.

ಖಾಲಿ ಕುರ್ಚಿಗಳದ್ದು ಇನ್ನೊಂದು ಕಥೆ. ಸ್ಥಾನ ಖಾಲಿ ಆದ್ರೆ 90 ದಿನದಲ್ಲಿ ತುಂಬ್ಬೇಕು ಅಂತ ಕಾಯ್ದೇಲೇ ಇದೆ. ಆದ್ರೂ ಆಯೋಗಗಳ ಹುದ್ದೆ ತುಂಬಿ, ಸಿಬ್ಬಂದಿ ಕೊಡಿ ಅಂತ 2018ರ ಫೆಬ್ರವರೀಲಿ ಸಂಪೂರ್ಣ ಬೆಹುರಾ ಕೇಸಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ದೀಪಕ್ ಗುಪ್ತಾ ಆದೇಶ ಕೊಡಬೇಕಾಗಿ ಬಂತು. ಅಧಿಕಾರಾವಧಿ ಮೂರೇ ವರ್ಷ, ಅದರಲ್ಲಿ ಕೆಲಸ ಕಲಿಯೋಕೆ ಒಂದಷ್ಟು ಹೋಯ್ತು, ಅವಧಿ ಮುಗಿದ ಮೇಲೆ ಮುಂದಿನವರು ಬರೋವರೆಗೆ ದೂರುಗಳು ಏನಾಗ್ಬೇಕು? ಒಂಬತ್ತನೇ ಕ್ಲಾಸಲ್ಲಿ ದೂರು ಕೊಟ್ಟ ಹುಡುಗಿ ಉತ್ತರ ಬರೋ ಹೊತ್ತಿಗೆ ಶಾಲೇನೇ ಬಿಟ್ಟಿರ್ತಾಳೆ. ದೊಡ್ಡವರ ಕೇಸಲ್ಲಿ ತಡ ಆದ್ರೆ ಕಷ್ಟ, ಮಕ್ಕಳ ಕೇಸಲ್ಲಿ ತಡ ಆದ್ರೆ ಬಾಲ್ಯನೇ ಮುಗಿದಿರುತ್ತೆ.

ಇನ್ನೊಂದು ಹೇಳಲೇಬೇಕು. ಪಶ್ಚಿಮ ಬಂಗಾಳದ ಜಲ್ಪಾಯ್‌ಗುಡೀಲಿ ಮಕ್ಕಳನ್ನ ಮಾರ್ತಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ ಮತ್ತು ಆ ರಾಜ್ಯದ ಆಯೋಗ ಇದು ನನ್ನ ವ್ಯಾಪ್ತಿ ನಿನ್ನ ವ್ಯಾಪ್ತಿ ಅಂತ ಜಗಳಕ್ಕೆ ಬಿದ್ವು, ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 2020ರ ಜನವರಿ ತೀರ್ಪಲ್ಲಿ ಕೋರ್ಟ್ ಇಬ್ಬರ ಮೇಲೂ ಬೇಸರ ಮಾಡ್ಕೊಂಡು ಮಕ್ಕಳಿಗೋಸ್ಕರ ಒಟ್ಟಿಗೆ ಕೆಲಸ ಮಾಡಿ ಅಂತ ಹೇಳ್ತು. ಆಯೋಗದಲ್ಲಿ ಕೂತೋರು ತಮ್ಮನ್ನ ಸರ್ಕಾರದ ಪ್ರತಿನಿಧಿ ಅಂತ ಅಂದ್ಕೊಂಡ್ರೆ ಇಂಥದ್ದು ಮತ್ತೆ ಮತ್ತೆ ಆಗುತ್ತೆ, ಅದಕ್ಕೇ ನೇಮಕ ಹೇಗೆ ಆಗುತ್ತೆ ಅನ್ನೋದನ್ನ ನಾನು ಇಷ್ಟು ಹಿಡ್ಕೊಂಡು ಹೇಳ್ತಿರೋದು.

ಹಾಗಾದ್ರೆ ಒಳ್ಳೇ ಕಾಯ್ದೆ ಹೇಗಿರುತ್ತೆ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2012ರಲ್ಲಿ ಮಕ್ಕಳು ಮತ್ತು ಯುವಜನರ ಆಯೋಗಕ್ಕೆ ಅಂತ ಕಾಯ್ದೆ ಮಾಡ್ತು, ಆಯೋಗ 2013ರ ಮಾರ್ಚಲ್ಲಿ ಶುರುವಾಯ್ತು. ಅಲ್ಲಿನ ಒಂದು ಅಂಶ ನಮ್ಮಲ್ಲೂ ಬರ್ಲಿ ಅಂತ ನನಗೆ ಬಹಳ ಆಸೆ. ಮಕ್ಕಳ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬಿದ್ದಿದ್ದ ಮಗು ಅದಾಗಿ ಹನ್ನೆರಡು ತಿಂಗಳ ಒಳಗೆ ತೀರಿಹೋದ್ರೆ ಆಯೋಗ ಅದರ ಬಗ್ಗೆ ವಿಚಾರಣೆ ಮಾಡಲೇಬೇಕು. ಯಾರೋ ಬಂದು ದೂರು ಕೊಡಬೇಕು, ಪೇಪರಲ್ಲಿ ಬರಬೇಕು ಅಂತೇನಿಲ್ಲ. ಆ ಮಗುವಿಗೆ ಯಾವ ಸೇವೆ ಸಿಗ್ಬೇಕಿತ್ತು, ಎಲ್ಲಿ ತಪ್ಪಿತು ಅಂತ ಬರೆದಿಡಬೇಕು. ನಮ್ಮ ಕಾಯ್ದೇಲಿ ಇಂಥ ಕಡ್ಡಾಯ ಇಲ್ಲ, ಬಾಲಮಂದಿರದ ಮಗು ಸತ್ರೂ ಆಯೋಗ ಮನಸ್ಸು ಮಾಡಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಜೊತೆಗೆ ವಿಕ್ಟೋರಿಯಾದಲ್ಲಿ ಅಲ್ಲಿನ ಮೂಲನಿವಾಸಿ ಮಕ್ಕಳಿಗೆ ಅಂತಲೇ ಬೇರೆ ಕಮಿಷನರ್ ಬಂದ್ರು, ಮೊದಲಿಗೆ ಆಂಡ್ರ್ಯೂ ಜಾಕೊಮೊಸ್. ಹೆತ್ತವರಿಂದ ದೂರ ಇಟ್ಟಿದ್ದ ಮೂಲನಿವಾಸಿ ಮಕ್ಕಳ ಫೈಲುಗಳನ್ನ ಒಂದೊಂದಾಗಿ ತೆಗೆದು ನೋಡಿಸಿದ್ರು. ನಮ್ಮ ಆಶ್ರಮಶಾಲೆಗಳಲ್ಲಿರೋ ಸೋಲಿಗರ, ಜೇನುಕುರುಬರ ಮಕ್ಕಳ ಬಗ್ಗೆ ಇಷ್ಟು ಕಾಳಜಿಯಿಂದ ಒಬ್ಬೊಬ್ಬರದ್ದೇ ಕಥೆ ಕೇಳೋರು ಬೇಕು.

ಅಲ್ಲಿ ಯುವಜನರನ್ನೂ ಸೇರಿಸಿರೋದು ನಿಮ್ಮ ಹುಡುಗನ ವಿಷಯಕ್ಕೆ ಹತ್ರ. ಸರ್ಕಾರದ ಆಶ್ರಯದಿಂದ ಹೊರಗೆ ಬಂದೋರನ್ನ ಅಲ್ಲಿನ ಆಯೋಗ ಇಪ್ಪತ್ತೊಂದರವರೆಗೂ ತನ್ನ ಲೆಕ್ಕಕ್ಕೆ ತಗೊಳ್ಳುತ್ತೆ. ನಮ್ಮ ಆಯೋಗದ ಕಣ್ಣು ಹದಿನೆಂಟಕ್ಕೆ ನಿಲ್ಲುತ್ತೆ. ಮನೆ ಇರೋ ಮಗೂಗೇ ಹದಿನೆಂಟಕ್ಕೆ ಯಾರೂ ಹೊರಗೆ ಹೋಗು ಅನ್ನಲ್ಲ, ಅಪ್ಪ ಅಮ್ಮ ಇಲ್ಲದೋರಿಗೆ ಹೇಗೆ ಹೇಳ್ತೀವಿ? ಆದ್ರೆ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಹೊರಗೆ ಬಂದ ಮೇಲೂ ನೆರವು ಕೊಡೋಕೆ ಅವಕಾಶ ಇದೆ, ನಿಯಮದಲ್ಲಿ ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ತಮೂರರವರೆಗೆ. ಇರೋಕೆ ಜಾಗ, ಕಸುಬು ಕಲಿಯೋಕೆ, ಓದೋಕೆ ನೆರವು ಇದರಲ್ಲಿ ಬರುತ್ತೆ. ದಯವಿಟ್ಟು ನಾಳೇನೇ ಅವನನ್ನ ಕರ್ಕೊಂಡು ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಅನುಪಾಲನಾ ಸೇವೆಗೆ (ಈ ನೆರವಿಗೆ ಕಾಗದದಲ್ಲಿ ಇರೋ ಹೆಸರು ಇದು) ಅರ್ಜಿ ಅಂತ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಮಕ್ಕಳ ಕಲ್ಯಾಣ ಸಮಿತಿಗೂ ಒಂದು ಪ್ರತಿ ಕೊಡಿ. ಅವನು ಬಾಲಮಂದಿರದಲ್ಲಿ ಇದ್ದ ಬಗ್ಗೆ ಯಾವ ಕಾಗದ ಇದ್ರೂ ಜೊತೆಗಿರಲಿ.

ಬೇರೆ ಓದುಗರೂ ಆಯೋಗಕ್ಕೆ ಬರೆಯೋದು ಹೇಗೆ ಅಂತ ಕೇಳಿದ್ರು, ಅದನ್ನೂ ಸೇರಿಸ್ತೀನಿ. ದೂರಿಗೆ ಫೀಸಿಲ್ಲ, ಕನ್ನಡದಲ್ಲೇ ಬರೀಬಹುದು, ವಕೀಲರು ಬೇಕಿಲ್ಲ. ಹೆಸರಿಲ್ಲದ ದೂರು, ತಳಬುಡ ಇಲ್ಲದ ದೂರು, ಆಗಲೇ ಕೋರ್ಟಲ್ಲಿ ಇರೋ ವಿಷಯ, ಆಸ್ತಿ ಜಗಳ, ನೌಕರಿ ಜಗಳ ಇವನ್ನ ತಗೊಳ್ಳಲ್ಲ. ಹಾಗಾಗಿ ಯಾವ ದಿನ, ಎಲ್ಲಿ, ಏನಾಯ್ತು, ಯಾರಿಗೆ ಮೊದಲು ಹೇಳಿದ್ರಿ, ಅವರು ಏನಂದ್ರು ಅಂತ ಸ್ಪಷ್ಟವಾಗಿ ಬರೆದು ಒಂದು ಪ್ರತಿ ನಿಮ್ಮ ಹತ್ರ ಇಟ್ಕೊಳ್ಳಿ. ಲೈಂಗಿಕ ದೌರ್ಜನ್ಯ ಆದ್ರೆ ಮಾತ್ರ ಆಯೋಗಕ್ಕೆ ಬರೆದು ಕಾಯ್ತಾ ಕೂರಬೇಡಿ, ಪೋಕ್ಸೋ ಪ್ರಕಾರ ಗೊತ್ತಾದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ರೆ ಅದೇ ಅಪರಾಧ. ಮಗು ಈ ಕ್ಷಣಕ್ಕೆ ಅಪಾಯದಲ್ಲಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಿಮ್ಮ ಹತ್ರ ಒಂದು ಕೋರಿಕೆನೂ ಇದೆ ಮೇಡಂ. ನಿಮ್ಮ ಕ್ಷೇತ್ರದ ಎಮ್ಮೆಲ್ಲೆ ನಿಮ್ಮ ಹಳೇ ವಿದ್ಯಾರ್ಥಿ ಅಂತ ಬರೆದಿದೀರಿ. ರಾಜ್ಯ ಆಯೋಗದ ವಾರ್ಷಿಕ ವರದೀನ ಸರ್ಕಾರ ಸದನದಲ್ಲಿ ಇಡಬೇಕು, ಜೊತೆಗೆ ಯಾವ ಶಿಫಾರಸಿಗೆ ಏನು ಕ್ರಮ ಆಯ್ತು, ಯಾವುದನ್ನ ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅಂತ ಬರೆದು ಕೊಡಬೇಕು ಅಂತ ಕಾಯ್ದೆ ಹೇಳುತ್ತೆ. ಶಿಫಾರಸಿಗೆ ಬಲ ಬರೋದೇ ಈ ಉತ್ತರ ಕೊಡೋ ಜವಾಬ್ದಾರಿಯಿಂದ. ಕೊನೇ ವರದಿ ಯಾವಾಗ ಮಂಡನೆ ಆಯ್ತು, ಆಯೋಗದಲ್ಲಿ ಈಗ ಎಷ್ಟು ಸ್ಥಾನ ಖಾಲಿ ಇದೆ, ನಮ್ಮ ಜಿಲ್ಲೇಲಿ ಹದಿನೆಂಟು ತುಂಬಿ ಹೊರಗೆ ಬಂದೋರಲ್ಲಿ ಎಷ್ಟು ಜನರಿಗೆ ಅನುಪಾಲನಾ ಸೇವೆ ಸಿಕ್ಕಿದೆ ಅಂತ ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಕೇಳೋಕೆ ಅವರಿಗೆ ಹೇಳಿ. ಬಂದ ಉತ್ತರ ನಮಗೆ ಕಳಿಸಿ, ಒಂದಕ್ಷರ ಬಿಡದೆ ಹಾಕ್ತೀವಿ.