‘ಆಂಗ್ಸ್ಟ್ ಎಸ್ಸೆನ್ ಝೇಲೆ ಔಫ್’ ಸಿನಿಮಾ ಹೆಸರಲ್ಲೇ ಜರ್ಮನ್ ವ್ಯಾಕರಣ ತಪ್ಪಿದೆಯಂತೆ, ಯಾಕೆ?

ಬೇಕಂತಲೇ ಇಟ್ಟಿರೋ ತಪ್ಪು ಅದು, ಯಾಕಂದ್ರೆ ಸಿನಿಮಾದ ಪಾತ್ರ ಆಲಿ ಆಡೋ ಮಾತನ್ನೇ ಹೆಸರು ಮಾಡಿದ್ದಾರೆ. 1974ರಲ್ಲಿ ಬಂದ ಜರ್ಮನ್ ನಿರ್ದೇಶಕ ಫಾಸ್‌ಬಿಂಡರ್ ಸಿನಿಮಾ, ಎಮ್ಮಿ ಅರವತ್ತರ ಆಸುಪಾಸಿನ ವಿಧವೆ, ಕ್ಲೀನಿಂಗ್ ಕೆಲಸದೋಳು, ಆಲಿ ಮೊರಾಕೋದಿಂದ ಜರ್ಮನಿಗೆ ದುಡಿಯಕ್ಕೆ ಬಂದೋನು, ವಯಸ್ಸಲ್ಲಿ ಅವಳಿಗಿಂತ ಬಹಳ ಚಿಕ್ಕೋನು. ಖುಷಿಯಾಗಿದೀನಿ ಆದ್ರೂ ಭಯ ಅಂತ ಅವಳಂದಾಗ ಇವನು ತನ್ನ ಹರಕುಮುರುಕು ಜರ್ಮನ್‌ನಲ್ಲೇ ಸಮಾಧಾನ ಮಾಡ್ತಾನೆ, ಭಯ ಆತ್ಮಾನೇ ತಿಂದಾಕುತ್ತೆ ಅನ್ನೋ ಅರ್ಥದಲ್ಲಿ. ಅಲ್ಲಿ ‘ಇಸ್ಟ್’ ಅಂದ್ರೆ ‘ತಿನ್ನುತ್ತೆ’ ಬರಬೇಕಿತ್ತು, ಅವನು ‘ಎಸ್ಸೆನ್’ ಅಂದ್ರೆ ಬರೀ ‘ತಿನ್ನೋದು’ ಅಂದ್ಬಿಡ್ತಾನೆ. ನಮ್ ದಾವಣಗೆರೆ ಬೆಣ್ಣೆದೋಸೆ ಹೋಟ್ಲಲ್ಲಿ ಉತ್ತರದ ಕಡೆಯಿಂದ ಹೊಸದಾಗಿ ಬಂದ ಹುಡುಗ ಬಕೆಟ್ ಹಿಡ್ಕೊಂಡು "ಅಣ್ಣಾ, ಚಟ್ನಿ ಹಾಕೋದು?" ಅಂತಾನಲ್ಲ, ಸೇಮ್ ಹಂಗೆ. ವ್ಯಾಕರಣ ತಿದ್ದಿದ್ರೆ ಯಾರೋ ಮೇಷ್ಟ್ರು ಹೇಳಿದ ಗಾದೆ ಥರ ಇರ್ತಿತ್ತು, ಪರವೂರಿಂದ ಬಂದೋನ ದನಿ ಹೋಗ್ಬಿಡ್ತಿತ್ತು.